ಅಡ್ಡಹೆಸರು ಮತ್ತು ಮೊದಲ ಒಲವು: ಮುಂಬಯಿ ಕನ್ನಡ ಕಥನದಲ್ಲಿ ಹದಿಹರೆಯ

1

ಮಹಾರಾಷ್ಟ್ರದ ಶಾಲೆಗಳ ಹಾಜರಿ ಪುಸ್ತಕಗಳಲ್ಲಿ ಹೆಸರು ಬರೆಯುವುದಕ್ಕೆ ಬಹುಕಾಲದಿಂದ ಒಂದು ಕ್ರಮವಿದೆ. ಮೊದಲು ಅಡ್ಡಹೆಸರು, ಅನಂತರ ವಿದ್ಯಾರ್ಥಿಯ ಹೆಸರು, ಕೊನೆಗೆ ತಂದೆಯ ಹೆಸರು. ತರಗತಿಯಲ್ಲಿ ಗೆಳೆಯರು ಪರಸ್ಪರ ಕರೆಯುವುದೂ ಬಹುಮಟ್ಟಿಗೆ ಅಡ್ಡಹೆಸರಿನಿಂದಲೇ. ಕರ್ನಾಟಕದ ಅನೇಕ ಕಡೆಗಳಲ್ಲಿ ಊರಿನ ಮತ್ತು ತಂದೆಯ ಹೆಸರುಗಳ ಮೊದಲಕ್ಷರಗಳನ್ನು ಹೊತ್ತು ಬೆಳೆದವರಿಗೆ ಈ ಕ್ರಮ ಮೇಲ್ನೋಟಕ್ಕೆ ಕೇವಲ ಆಡಳಿತದ ಅನುಕೂಲವೆಂದು ತೋರಬಹುದು. ಆದರೆ ಮುಂಬಯಿಯ ಉಪನಗರವೊಂದರಲ್ಲಿ, ಉದಾಹರಣೆಗೆ ವಿಲೆ ಪಾರ್ಲೆಯಲ್ಲಿ, ಹದಿಮೂರು ಹದಿನಾಲ್ಕರ ವಯಸ್ಸಿಗೆ ಬಂದ ಕನ್ನಡ ಮನೆಯ ಹುಡುಗ ಅಥವಾ ಹುಡುಗಿಗೆ 'ನಾನು ಯಾರು' ಎಂಬ ಪ್ರಶ್ನೆ ಮೊದಲು ಎದುರಾಗುವುದು ಈ ಪುಸ್ತಕದ ಮೊದಲ ಅಂಕಣದಲ್ಲಿಯೇ. ಜಾತಿ, ಪ್ರದೇಶ, ಮನೆಮಾತು ಇವೆಲ್ಲವನ್ನೂ ಆ ಒಂದು ಪದ ಸಹಪಾಠಿಗಳಿಗೆ ತಿಳಿಸಿಬಿಡುತ್ತದೆ. ಯಾರೊಡನೆ ಸ್ನೇಹ ಸುಲಭ, ಯಾರ ಮೇಲಿನ ಒಲವು ಕಷ್ಟ ಎಂಬುದರ ಸೂಚನೆಯೂ ಅದರಲ್ಲಿಯೇ ಅಡಗಿರುತ್ತದೆ.

ಹದಿಹರೆಯದ ಗೆಳೆತನ, ಅನನ್ಯತೆ ಮತ್ತು ಮೊದಲ ಪ್ರೇಮ ಈ ಮೂರೂ ಕೂಡಿ ಬರುವ ಕಥನವನ್ನು ಮುಂಬಯಿಯ ಕನ್ನಡದಲ್ಲಿ ಹುಡುಕಹೊರಟರೆ ದೊರೆಯುವುದೇನು? ಪ್ರಸ್ತುತ ಲೇಖನದಲ್ಲಿ ನಾವು ಪರಿಶೀಲಿಸುವ ಪ್ರಶ್ನೆ ಇದು. ರಾಜ್ಯದ ಹೊರಗಿದ್ದು ಕನ್ನಡ ಸಂಶೋಧನೆಯಲ್ಲಿ ತೊಡಗಿರುವವರಿಗೆ ಇದು ದೂರದ ವಿಷಯವಲ್ಲವೆಂದು ನಮ್ಮ ನಂಬಿಕೆ. ಹೊರನಾಡಿನಲ್ಲಿ ಹುಟ್ಟಿದ ಪೀಳಿಗೆಯ ಮನಸ್ಸು ಯಾವ ಭಾಷೆಯಲ್ಲಿ ಅರಳುತ್ತದೆ ಎಂಬುದು ದೆಹಲಿ, ಪುಣೆ, ಚೆನ್ನೈಗಳ ಕನ್ನಡಿಗರ ಪ್ರಶ್ನೆಯೂ ಆಗಿದೆ.

2

ಮೊದಲಿಗೆ ಸಾಹಿತ್ಯ ಪ್ರಕಾರದ ಮಾತು. ಹದಿಹರೆಯ ಎಂಬ ಪದ ಕನ್ನಡದಲ್ಲಿ ಚೆನ್ನಾಗಿ ನೆಲೆಗೊಂಡಿದೆ; ಆದರೆ ಹದಿಹರೆಯದವರ ಕಾದಂಬರಿ ಎಂಬ ಪ್ರತ್ಯೇಕ ವಿಭಾಗ ನಮ್ಮ ವಿಮರ್ಶೆಯಲ್ಲಾಗಲಿ ಗ್ರಂಥಾಲಯಗಳಲ್ಲಾಗಲಿ ಅಷ್ಟಾಗಿ ರೂಪುಗೊಂಡಿಲ್ಲ. ಇಂಗ್ಲಿಷಿನಲ್ಲಿ ಈ ಪ್ರಕಾರದ ಆಧುನಿಕ ಆರಂಭವನ್ನು ಗುರುತಿಸುವವರು ಸಾಮಾನ್ಯವಾಗಿ 1967ರಲ್ಲಿ ಪ್ರಕಟವಾದ ಎಸ್. ಇ. ಹಿಂಟನ್ ಅವರ 'ದಿ ಔಟ್‌ಸೈಡರ್ಸ್' ಕಾದಂಬರಿಯನ್ನು ಹೆಸರಿಸುತ್ತಾರೆ. ಲೇಖಕಿ ಅದನ್ನು ಬರೆಯತೊಡಗಿದಾಗ ಸ್ವತಃ ಶಾಲಾ ಬಾಲಕಿಯಾಗಿದ್ದರು. ಮರಾಠಿಯಲ್ಲಿ ಮಕ್ಕಳ ಮತ್ತು ವಯಸ್ಕರ ಸಾಹಿತ್ಯಗಳ ನಡುವೆ 'ಕಿಶೋರ' ಮತ್ತು 'ಕುಮಾರ' ಎಂಬ ಮೆಟ್ಟಿಲುಗಳಿವೆ. ಅಲ್ಲಿನ ಪಠ್ಯಪುಸ್ತಕ ಸಂಸ್ಥೆಯಾದ ಬಾಲಭಾರತಿ 1971ರಿಂದ 'ಕಿಶೋರ' ಎಂಬ ಮಾಸಪತ್ರಿಕೆಯನ್ನೇ ನಡೆಸುತ್ತ ಬಂದಿದೆ. ಕನ್ನಡದ ಓದುಗ ಮಾತ್ರ ಮಕ್ಕಳ ಪತ್ರಿಕೆಯಿಂದ ಒಮ್ಮೆಲೇ ವಾರಪತ್ರಿಕೆಯ ಧಾರಾವಾಹಿಗೆ, ಅಲ್ಲಿಂದ ಗಂಭೀರ ಕಾದಂಬರಿಗೆ ಹಾರುತ್ತ ಬಂದಿದ್ದಾನೆ. ನಡುವೆ ಮೆಟ್ಟಿಲಿರಲಿಲ್ಲ.

ವಿಭಾಗವಿಲ್ಲವೆಂದ ಮಾತ್ರಕ್ಕೆ ವಸ್ತುವಿಲ್ಲವೆಂದು ಹೇಳಲಾಗದು. ಕನ್ನಡ ನವ್ಯ ಕಥನದಲ್ಲಿ ಹುಡುಗರು ಹೇರಳವಾಗಿದ್ದಾರೆ. ಆದರೆ ಅವರು ಅಲ್ಲಿ ಮಾಡುವ ಕೆಲಸವನ್ನು ಗಮನಿಸಬೇಕು. ಯು. ಆರ್. ಅನಂತಮೂರ್ತಿಯವರ 'ಘಟಶ್ರಾದ್ಧ'ದಲ್ಲಿ ವೇದಪಾಠಕ್ಕೆಂದು ಬಂದ ಬಾಲಕ ಯಮುನಕ್ಕನ ದುರಂತವನ್ನು ಕಾಣುತ್ತಾನೆ. ಪ್ರೇಮವೂ ಅದರ ಶಿಕ್ಷೆಯೂ ದೊಡ್ಡವರದು. ಹುಡುಗನ ಪಾಲಿಗೆ ಬರುವುದು ಸಾಕ್ಷಿಯ ಸ್ಥಾನ. ಸಮಾಜದ ಕ್ರೌರ್ಯವನ್ನು ಅಳೆಯಲು ಆ ಮುಗ್ಧ ಕಣ್ಣು ಒಂದು ಮಾನದಂಡವಾಗಿ ಒದಗುತ್ತದೆ. ಹೆಣ್ಣುಮಕ್ಕಳ ವಿಷಯದಲ್ಲಿ ಸ್ಥಿತಿ ಇನ್ನೂ ಬೇರೆ. ಎಂ. ಕೆ. ಇಂದಿರಾ ಅವರ 'ಫಣಿಯಮ್ಮ'ದಲ್ಲಿ (1976) ಬಾಲ್ಯವಿವಾಹ ಮತ್ತು ವೈಧವ್ಯಗಳು ಬಾಲ್ಯದಿಂದ ನೇರವಾಗಿ ವಾರ್ಧಕ್ಯದ ನಿಯಮಗಳಿಗೆ ತಳ್ಳುತ್ತವೆ. ಹದಿಹರೆಯವೆಂಬ ಅವಧಿಯೇ ಅಳಿಸಿಹೋಗುತ್ತದೆ. ಹುಡುಗ ಸಾಕ್ಷಿಯಾಗಿ, ಹುಡುಗಿ ಅವಧಿಯಿಂದಲೇ ವಂಚಿತಳಾಗಿ ಕಾಣಿಸಿಕೊಳ್ಳುವ ಈ ಪರಂಪರೆಯಲ್ಲಿ, ತಾನೇ ಒಲಿಯುವ, ತಾನೇ ತಪ್ಪುವ, ತಾನೇ ಹೆಸರು ಹುಡುಕುವ ಹದಿಹರೆಯದ ಪಾತ್ರಕ್ಕೆ ಎಡೆ ಕಡಿಮೆ. ನಗರವಾದರೂ ಈ ಎಡೆಯನ್ನು ಒದಗಿಸಬಹುದಾಗಿತ್ತು. ಮುಂಬಯಿ ಒದಗಿಸಿತೇ ಎಂಬುದು ಮುಂದಿನ ಪ್ರಶ್ನೆ.

3

ವಿಲೆ ಪಾರ್ಲೆಯನ್ನು ಪಶ್ಚಿಮ ರೈಲು ಮಾರ್ಗ ಎರಡಾಗಿ ಸೀಳುತ್ತದೆ. ಪೂರ್ವದ ಪಾರ್ಲೆ ಮರಾಠಿ ಮಧ್ಯಮ ವರ್ಗದ ಸಾಂಸ್ಕೃತಿಕ ನೆಲೆ. ಪಾರ್ಲೆ ತಿಲಕ ವಿದ್ಯಾಲಯ ಸ್ಥಾಪನೆಯಾದುದು 1921ರಲ್ಲಿ, ಲೋಕಮಾನ್ಯ ಸೇವಾ ಸಂಘ 1923ರಲ್ಲಿ. ಪು. ಲ. ದೇಶಪಾಂಡೆಯವರ ನಂಟು ಈ ಊರಿನೊಡನೆ ಇತ್ತು. ಗಿರೀಶ ಕಾರ್ನಾಡರ 'ತುಘಲಕ್' ನಾಟಕವನ್ನು ಮರಾಠಿಗೆ ತಂದ ವಿಜಯ ತೆಂಡುಲ್ಕರ್ ಬಹುಕಾಲ ವಾಸವಾಗಿದ್ದುದೂ ಇಲ್ಲಿಯೇ. 1929ರಲ್ಲಿ ಆರಂಭವಾದ ಬಿಸ್ಕತ್ತಿನ ಕಾರ್ಖಾನೆ 2016ರಲ್ಲಿ ಮುಚ್ಚುವವರೆಗೆ ಈ ಭಾಗದ ಗಾಳಿಗೇ ಒಂದು ಸಿಹಿ ವಾಸನೆಯಿತ್ತು. ಪಶ್ಚಿಮದ ಪಾರ್ಲೆಯಲ್ಲಿ ಗುಜರಾತಿ ಸಮುದಾಯದ ಪ್ರಾಬಲ್ಯವಿದೆ. ಮೀಠೀಬಾಯಿ ಕಾಲೇಜು (1961), ನರ್ಸೀ ಮೋನಜಿ ಕಾಲೇಜು (1964) ಆ ಬದಿಯವು. ಮುಂದೆ ಜುಹೂ ಕಡಲತೀರ. ಮನೆಯಲ್ಲಿ ಏಕಾಂತಕ್ಕೆ ಒಂದು ಮೂಲೆಯೂ ಇಲ್ಲದ ಉಪನಗರದ ತರುಣರಿಗೆ ರೈಲಿನ ಸೇತುವೆ, ಕಾಲೇಜಿನ ಮೆಟ್ಟಿಲು, ಕಡಲ ದಂಡೆ ಇವೇ ಮಾತಿನ ಸ್ಥಳಗಳು.

ಈ ಭೂಪಟದಲ್ಲಿ ಕನ್ನಡದ ಮನೆಗಳಿಗೆ ತಮ್ಮದೇ ಆದ ಒಂದು ಬದಿಯಿಲ್ಲ. ಅವು ಎರಡೂ ಕಡೆ ಚದುರಿವೆ. 'ಕನ್ನಡದ ಮನೆ' ಎಂಬ ಮಾತನ್ನೂ ನಾವು ಎಚ್ಚರದಿಂದ ಬಳಸಬೇಕು. ಮುಂಬಯಿಯಲ್ಲಿ ಕನ್ನಡಿಗರೆನಿಸಿಕೊಂಡವರಲ್ಲಿ ಅನೇಕರ ಮನೆಮಾತು ತುಳು ಅಥವಾ ಕೊಂಕಣಿ. ಕನ್ನಡವು ಸಂಘದ, ಯಕ್ಷಗಾನದ, ಪತ್ರಿಕೆಯ, ಹಿರಿಯರ ಓದಿನ ಭಾಷೆ. ಬೀದಿಗೆ ಮರಾಠಿ, ರೈಲಿಗೆ ಹಿಂದಿ, ಕಾಲೇಜಿಗೆ ಇಂಗ್ಲಿಷು. ಹದಿನಾರರ ಹುಡುಗಿಯೊಬ್ಬಳು ಅಜ್ಜಿಯೊಡನೆ ತುಳುವಿನಲ್ಲಿ ಜಗಳವಾಡಿ, ಗೆಳತಿಗೆ ಮರಾಠಿಯಲ್ಲಿ ಗುಟ್ಟು ಹೇಳಿ, ತನ್ನ ಮೊದಲ ಪ್ರೇಮಪತ್ರವನ್ನು ಇಂಗ್ಲಿಷಿನಲ್ಲಿ ಬರೆಯುವುದು ಇಲ್ಲಿ ಸಹಜ. ಅವಳ ದಿನಚರಿಯಲ್ಲಿ ಕನ್ನಡ ಎಲ್ಲಿ ಬರುತ್ತದೆ? ಹೆಚ್ಚಾಗಿ, ದೊಡ್ಡವರು ಆಡುವಾಗ ಕಿವಿಯ ಮೇಲೆ ಬೀಳುವ ಮಾತಾಗಿ.

ಇದಕ್ಕೂ ಹಿಂದಿನ ಪೀಳಿಗೆಯ ಚಿತ್ರ ಇನ್ನೊಂದು ಬಗೆಯದು. ದಕ್ಷಿಣ ಕನ್ನಡದಿಂದ ಹನ್ನೆರಡು ಹದಿಮೂರರ ವಯಸ್ಸಿಗೇ ಮುಂಬಯಿಗೆ ಬಂದು ಹೋಟೆಲುಗಳಲ್ಲಿ ದುಡಿದ ಹುಡುಗರ ಕಥೆ ಹೊರನಾಡ ಕನ್ನಡಿಗರ ಇತಿಹಾಸದಲ್ಲಿ ಸುಪರಿಚಿತ. ಹಗಲು ತಟ್ಟೆ ತೊಳೆದು, ಮೇಜು ಒರೆಸಿ, ಸಂಜೆ ಕನ್ನಡದ ರಾತ್ರಿಶಾಲೆಗೆ ಹೋದವರು ಅವರು. ಮೊಗವೀರ, ಬಿಲ್ಲವ ಮೊದಲಾದ ಸಮುದಾಯಗಳ ಸಂಘಗಳು ನಡೆಸಿದ ಇಂತಹ ಶಾಲೆಗಳಿಂದಲೇ ಮುಂದೆ ವಕೀಲರು, ಉದ್ಯಮಿಗಳು, ಲೇಖಕರು ಹೊರಬಂದರು. ಈ ಸಾಧನೆಯನ್ನು ನಮ್ಮ ಸ್ಮರಣ ಸಂಚಿಕೆಗಳು ಅಭಿಮಾನದಿಂದ ದಾಖಲಿಸಿವೆ. ಆದರೆ ಅವುಗಳಲ್ಲಿ ದಾಖಲಾಗದೆ ಉಳಿದ ಒಂದು ಸಂಗತಿಯಿದೆ. ಹದಿನೈದರ ಆ ಹುಡುಗನಿಗೆ ಯಾರ ಮೇಲೆ ಮನಸ್ಸಾಗಿತ್ತು? ರಾತ್ರಿಶಾಲೆಯ ಬೆಂಚಿನಲ್ಲಿ ಪಕ್ಕಕ್ಕೆ ಕುಳಿತವನೊಡನೆ ಅವನ ಗೆಳೆತನ ಎಂಥದು? ಬಡತನದಿಂದ ಯಶಸ್ಸಿನವರೆಗಿನ ಕಥನದಲ್ಲಿ ಹರೆಯಕ್ಕೆ ಬಿಡುವಿರಲಿಲ್ಲ. ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಹೋಟೆಲುಗಳಲ್ಲಿಯೂ ಮನೆಗೆಲಸದಲ್ಲಿಯೂ ದುಡಿಸುವುದನ್ನು ಕೇಂದ್ರ ಸರ್ಕಾರದ ಅಧಿಸೂಚನೆ ನಿಷೇಧಿಸಿದುದು 2006ರ ಅಕ್ಟೋಬರ್ 10ರಿಂದ. ಅಲ್ಲಿಯವರೆಗೆ ಹೋಟೆಲಿನ ಹುಡುಗನ ಹದಿಹರೆಯವನ್ನು ಕಾನೂನೂ ಕಾಣಲಿಲ್ಲ, ಕಾದಂಬರಿಯೂ ಬಹುಮಟ್ಟಿಗೆ ಕಾಣಲಿಲ್ಲ.

4

ಅಡ್ಡಹೆಸರಿನ ವಿಷಯಕ್ಕೆ ಈಗ ಮರಳೋಣ. ಉತ್ತರ ಕನ್ನಡದಿಂದ ಬಂದ ಸಾರಸ್ವತರ ಅಡ್ಡಹೆಸರುಗಳಲ್ಲಿ ಅನೇಕವು ಊರಿನ ಹೆಸರುಗಳು. ಮಹಾರಾಷ್ಟ್ರದ ಅಂಕಣದಲ್ಲಿ ಅವು ಸಲೀಸಾಗಿ ಕೂಡುತ್ತವೆ. ತುಳುನಾಡಿನಿಂದ ಬಂದವರಿಗೆ ಹಾಗಲ್ಲ. ಬಿಲ್ಲವ, ಮೊಗವೀರ ಮೊದಲಾದ ಸಮುದಾಯಗಳಲ್ಲಿ ಸಾಲ್ಯಾನ್, ಕೋಟ್ಯಾನ್, ಬಂಗೇರ, ಕರ್ಕೇರ, ಪುತ್ರನ್ ಮುಂತಾದವು 'ಬರಿ'ಯ ಹೆಸರುಗಳು. ಬರಿ ಎಂದರೆ ತಾಯಿಯ ಕಡೆಯಿಂದ ಬರುವ ವಂಶದ ಗುರುತು. ಅಳಿಯಸಂತಾನದ ಪದ್ಧತಿಯಲ್ಲಿ ಮಗು ತಾಯಿಯ ಬರಿಗೆ ಸೇರುತ್ತದೆ. ಒಂದೇ ಬರಿಯ ಹುಡುಗ ಹುಡುಗಿಯರು ಅಣ್ಣತಂಗಿಯರಿಗೆ ಸಮಾನ, ಅವರಲ್ಲಿ ಮದುವೆ ಸಲ್ಲದು. 1949ರ ಮದರಾಸು ಅಳಿಯಸಂತಾನ ಕಾಯಿದೆ ಮತ್ತು 1956ರ ಹಿಂದೂ ಉತ್ತರಾಧಿಕಾರ ಕಾಯಿದೆಗಳು ಆಸ್ತಿಯ ಹಂಚಿಕೆಯನ್ನು ಬದಲಿಸಿದವು. ಬರಿಯ ನಿಷೇಧವನ್ನು ಬದಲಿಸುವುದು ಅವುಗಳ ಉದ್ದೇಶವಾಗಿರಲಿಲ್ಲ. ಅದು ಮದುವೆಯ ಮಾತುಕತೆಗಳಲ್ಲಿ ಉಳಿದುಕೊಂಡಿತು.

ಮುಂಬಯಿಯ ಶಾಲೆಗೆ ಈ ಮಗು ಸೇರಿದಾಗ ಏನಾಗುತ್ತದೆಂದು ನೋಡಬೇಕು. ತಂದೆಯ ಹೆಸರನ್ನು ಕೇಳುವ ಪುಸ್ತಕ ತಂದೆಯ ಅಡ್ಡಹೆಸರನ್ನೇ ಮಗುವಿಗೂ ನಿರೀಕ್ಷಿಸುತ್ತದೆ. ತಾಯಿಯ ಬರಿ ಕೋಟ್ಯಾನ್, ತಂದೆಯ ಬರಿ ಸಾಲ್ಯಾನ್ ಎಂದಿದ್ದರೆ ಹುಡುಗಿ ಊರಿನಲ್ಲಿ ಕೋಟ್ಯಾನ್, ತರಗತಿಯಲ್ಲಿ ಸಾಲ್ಯಾನ್. ಹದಿನೇಳರ ವಯಸ್ಸಿನಲ್ಲಿ ಅವಳು ಕೋಟ್ಯಾನ್ ಎಂಬ ಅಡ್ಡಹೆಸರಿನ ಹುಡುಗನನ್ನು ಮೆಚ್ಚಿದಳೆಂದು ಇಟ್ಟುಕೊಳ್ಳೋಣ. ಆ ಹೆಸರು ಅವನಿಗೆ ತಾಯಿಯಿಂದ ಬಂದಿದ್ದರೆ ಮನೆಯ ಲೆಕ್ಕದಲ್ಲಿ ಅವನು ಅಣ್ಣ; ತಂದೆಯಿಂದ ಬಂದಿದ್ದರೆ ಪರಕೀಯ. ಒಲವು ಮೊಳೆತ ಮೇಲೆ ಈ ಲೆಕ್ಕ ತಿಳಿದುಬರುವುದು ಎಂತಹ ಆಘಾತ! ಎರಡು ಊರುಗಳ ಎರಡು ಹೆಸರಿನ ಪದ್ಧತಿಗಳು ಒಂದು ಎಳೆಯ ಮನಸ್ಸಿನಲ್ಲಿ ಢಿಕ್ಕಿ ಹೊಡೆಯುವ ಇಂತಹ ಸನ್ನಿವೇಶ ಒಂದು ಕಾದಂಬರಿಗೆ ಸಾಲುವಷ್ಟು ಸಮೃದ್ಧವಾದುದು. ಅದನ್ನು ಕೇಂದ್ರದಲ್ಲಿಟ್ಟುಕೊಂಡ ಕನ್ನಡ ಕಾದಂಬರಿ ನಮ್ಮ ಓದಿಗೆ ದೊರೆತಿಲ್ಲ.

ಮರಾಠಿಯಲ್ಲಿ ಅಡ್ಡಹೆಸರನ್ನೇ ಮೊದಲ ಪ್ರೇಮದ ಶಬ್ದವನ್ನಾಗಿಸಿದ ಕಾದಂಬರಿಯೊಂದಿದೆ: 2004ರಲ್ಲಿ ಪ್ರಕಟವಾದ ಮಿಲಿಂದ ಬೋಕೀಲರ 'ಶಾಳಾ'. ತುರ್ತುಪರಿಸ್ಥಿತಿಯ ಕಾಲದ ಒಂದು ಸಣ್ಣ ಊರಿನಲ್ಲಿ ಒಂಬತ್ತನೆಯ ತರಗತಿಯ ಹುಡುಗ ಮುಕುಂದ ಜೋಶಿ ತನ್ನ ಸಹಪಾಠಿಯನ್ನು ಮೆಚ್ಚುತ್ತಾನೆ. ಅವನ ಕಥನದುದ್ದಕ್ಕೂ ಅವಳು ಶಿರೋಡಕರ. ಹಾಜರಿ ಕೂಗುವಾಗ ಕಿವಿಗೆ ಬಿದ್ದ ಆ ಸಾರ್ವಜನಿಕ ಹೆಸರೇ ಅವನ ಪಾಲಿಗೆ ಅತ್ಯಂತ ಖಾಸಗಿ ಹೆಸರಾಗುತ್ತದೆ. ಪೂರ್ತಿಯಾಗದ ಕಟ್ಟಡವೊಂದರಲ್ಲಿ ಕೂಡುವ ಗೆಳೆಯರ ಗುಂಪು, ಹುಡುಗಿಯರ ಬಗೆಗಿನ ಅವರ ಪೊಳ್ಳು ಧೈರ್ಯ, ಪ್ರೌಢರ ರಾಜಕಾರಣದ ಮಸುಕಾದ ನೆರಳು ಇವೆಲ್ಲ ಸೇರಿ ಅಲ್ಲಿ ಹದಿಹರೆಯಕ್ಕೆ ತನ್ನದೇ ಆದ ಒಂದು ಲೋಕ ದೊರೆತಿದೆ. 2010ರ ದಶಕದ ಆರಂಭದಲ್ಲಿ ಅದು ಚಲನಚಿತ್ರವಾಗಿ ಇನ್ನೊಂದು ಪೀಳಿಗೆಯನ್ನೂ ತಲಪಿತು.

ಕನ್ನಡಕ್ಕೆ ಇನ್ನೂ ಹತ್ತಿರದ ಉದಾಹರಣೆ ಬೆಳಗಾವಿಯದು. ಪ್ರಕಾಶ ನಾರಾಯಣ ಸಂತ (1937-2003) ಅವರ 'ವನವಾಸ' ಮೊದಲಾದ ಮರಾಠಿ ಕಥಾ ಸಂಗ್ರಹಗಳ ನಾಯಕ ಲಂಪನ್, ತಂದೆತಾಯಿಯರಿಂದ ದೂರವಾಗಿ ಅಜ್ಜ ಅಜ್ಜಿಯರ ಬಳಿ ಬೆಳೆಯುವ ಹುಡುಗ. ಸುಮಿಯ ಬಗೆಗೆ ಅವನಿಗಿರುವ ಭಾವಕ್ಕೆ ಗೆಳೆತನವೆಂದೂ ಪ್ರೇಮವೆಂದೂ ಹೆಸರಿಡಲು ಅವನಿಗೆ ತಿಳಿಯದು. ಗಡಿನಾಡಿನಲ್ಲಿ ಕನ್ನಡದ ಕಂಪು ಹತ್ತಿದ ಮರಾಠಿಯೇ ಆ ತಿಳಿಯದಿರುವಿಕೆಯ ಭಾಷೆ. ಗಡಿಯ ವಿವಾದವು ಎರಡೂ ಕಡೆ ಘೋಷಣೆಗಳನ್ನು ಬೆಳೆಸಿದ ಊರಿನಲ್ಲಿ, ಎರಡು ಭಾಷೆಗಳು ಒಬ್ಬ ಹುಡುಗನ ನಾಲಗೆಯ ಮೇಲೆ ಜಗಳವಿಲ್ಲದೆ ಬೆರೆತಿರುವುದನ್ನು ಈ ಕಥೆಗಳು ತೋರಿಸಿವೆ. ಬೆಳಗಾವಿಯ ಹುಡುಗನಿಗೆ ಮರಾಠಿಯಲ್ಲಿ ಸಿಕ್ಕಿದುದು ಪಾರ್ಲೆಯ ಹುಡುಗಿಗೆ ಕನ್ನಡದಲ್ಲಿ ಸಿಗಲಿಲ್ಲವೇಕೆ ಎಂಬ ಪ್ರಶ್ನೆ ಇಲ್ಲಿ ಏಳುವುದು ಸಹಜ.

5

ಮುಂಬಯಿಯ ಕನ್ನಡ ಕಥನ ಬಡವಾಗಿದೆ ಎಂದು ಇದರಿಂದ ಯಾರೂ ಭಾವಿಸಬಾರದು. ಶಾಂತಿನಾಥ ದೇಸಾಯಿ, ಯಶವಂತ ಚಿತ್ತಾಲ, ವ್ಯಾಸರಾಯ ಬಲ್ಲಾಳ ಇವರ ಬರವಣಿಗೆಯಿಂದ ಕನ್ನಡ ಕಾದಂಬರಿಗೆ ಮಹಾನಗರದ ಪ್ರಜ್ಞೆ ಬಂದಿತು. ಚಿತ್ತಾಲರ 'ಶಿಕಾರಿ' (1979) ಅನನ್ಯತೆಯ ಪ್ರಶ್ನೆಯನ್ನು ಕನ್ನಡದಲ್ಲಿ ಎತ್ತಿದ ಕೃತಿಗಳಲ್ಲಿ ಮುಖ್ಯವಾದುದು. ಬಲ್ಲಾಳರ 'ಬಂಡಾಯ'ಕ್ಕೆ 1986ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಸಂದಿತು. ಆದರೆ 'ಶಿಕಾರಿ'ಯ ನಾಗಪ್ಪನಿಗೆ 'ನಾನು ಯಾರು' ಎಂಬ ಪ್ರಶ್ನೆ ಎದುರಾಗುವುದು ಉದ್ಯೋಗದ ಸಂಕಟದ ನಡುವೆ, ಪ್ರೌಢ ವಯಸ್ಸಿನಲ್ಲಿ. ಈ ಕೃತಿಗಳ ಜಗತ್ತು ಬಹುಮಟ್ಟಿಗೆ ಊರು ಬಿಟ್ಟು ಬಂದವರ ಜಗತ್ತು, ನಗರದಲ್ಲಿಯೇ ಹುಟ್ಟಿದವರದಲ್ಲ.

ನಮ್ಮ ವಿಷಯಕ್ಕೆ ಅತ್ಯಂತ ಸಮೀಪ ಬರುವವರು ಜಯಂತ ಕಾಯ್ಕಿಣಿ. ಗೋಕರ್ಣದಲ್ಲಿ 1955ರಲ್ಲಿ ಹುಟ್ಟಿ, ಜೀವರಸಾಯನಶಾಸ್ತ್ರದ ಪದವಿ ಪಡೆದು, ಮುಂಬಯಿಯಲ್ಲಿ ಎರಡು ದಶಕಗಳಿಗೂ ಹೆಚ್ಚು ಕಾಲ ಔಷಧೋದ್ಯಮದಲ್ಲಿ ದುಡಿದ ಅವರ ಕಥೆಗಳಲ್ಲಿ ನಗರದ ಅನಾಮಿಕರು ತುಂಬಿದ್ದಾರೆ. 'ನೋ ಪ್ರೆಸೆಂಟ್ಸ್ ಪ್ಲೀಸ್' ಕಥೆಯನ್ನು ಇಲ್ಲಿ ಸ್ವಲ್ಪ ವಿವರವಾಗಿ ನೋಡಬಹುದು. ಪೋಪಟ ಮತ್ತು ಆಸಾವರಿ ಲೋಖಂಡೆ ಮದುವೆಯಾಗಲು ಹೊರಟಿರುವ ಬಡ ತರುಣ ತರುಣಿ. ಆಮಂತ್ರಣ ಪತ್ರಿಕೆಯಲ್ಲಿ ಏನು ಅಚ್ಚು ಹಾಕಿಸಬೇಕು ಎಂಬುದು ಅವರ ಮುಂದಿನ ಸಮಸ್ಯೆ. ಪೋಪಟನಿಗೆ ಹೇಳಿಕೊಳ್ಳಲು ಅಡ್ಡಹೆಸರಿಲ್ಲ. ಮದುವೆಯ ಪತ್ರಿಕೆಯಾದರೋ ಮನೆತನಗಳ ಹೆಸರನ್ನೇ ನೆಚ್ಚಿಕೊಂಡ ದಾಖಲೆ.

ಪೋಪಟ ಎಂದರೆ ಗಿಳಿ. ಮುಂಬಯಿಯ ಆಡುಮಾತಿನಲ್ಲಿ ಒಬ್ಬನ 'ಪೋಪಟ' ಆಯಿತೆಂದರೆ ಅವನು ನಗೆಪಾಟಲಾದನೆಂದು ಅರ್ಥ. ಲೋಖಂಡೆಯಲ್ಲಿರುವುದು ಕಬ್ಬಿಣ, ಆಸಾವರಿ ಒಂದು ರಾಗ. ನಗೆಗೀಡಾಗುವ ಒಂದು ಹೆಸರು, ರಾಗವೂ ಕಬ್ಬಿಣವೂ ಕೂಡಿದ ಇನ್ನೊಂದು ಹೆಸರು ಒಂದು ಕಾಗದದ ಮೇಲೆ ಅಕ್ಕಪಕ್ಕ ನಿಲ್ಲಲು ಹೆಣಗುವುದೇ ಈ ಕಥೆಯ ಕ್ರಿಯೆ. ವಯಸ್ಸಿನ ಲೆಕ್ಕದಲ್ಲಿ ಇವರು ಹದಿಹರೆಯವನ್ನು ದಾಟಿದವರೆಂಬ ಆಕ್ಷೇಪ ಬರಬಹುದು. ಆದರೆ ಎಳವೆಯಿಂದಲೇ ಬದುಕಿನ ಭಾರ ಹೊತ್ತವರಿಗೆ ಹರೆಯ ಬರುವುದು ತಡವಾಗಿ, ಮದುವೆಯ ಹೊಸ್ತಿಲಿನಲ್ಲಿ. ಹೆಸರುಗಳನ್ನು ಬದಲಿಸಿ ನೋಡುವ, ತಾವು ಬೇರೆ ಯಾರೋ ಆಗಬಹುದೆಂದು ಕನಸುವ ಅವರ ಆಟ ಅಪ್ಪಟ ಹದಿಹರೆಯದ್ದು. ರಾತ್ರಿಶಾಲೆಯ ಹುಡುಗನಿಗೆ ನಮ್ಮ ಸ್ಮರಣ ಸಂಚಿಕೆಗಳು ಕೊಡದೆ ಹೋದ ಬಿಡುವನ್ನು ಈ ಕಥೆ ತನ್ನ ಪಾತ್ರಗಳಿಗೆ ಕೊಟ್ಟಿದೆ. ಉಡುಗೊರೆ ತರುವ ಬಂಧುಗಳೇ ಇಲ್ಲದವರು ಉಡುಗೊರೆ ಬೇಡವೆಂದು ಅಚ್ಚು ಹಾಕಿಸುವುದರಲ್ಲಿ ವ್ಯಂಗ್ಯವಿದೆ. ಅದನ್ನು ಕೇವಲ ವ್ಯಂಗ್ಯವೆಂದು ಓದಿದರೆ ಸಾಲದು; ಬೇಡವೆನ್ನುವ ಘನತೆ ತಮಗೂ ಉಂಟೆಂಬ ಹಕ್ಕೊತ್ತಾಯ ಅದರಲ್ಲಿದೆ.

ಈ ಕಥೆಯ ಭಾಷೆಯ ಬಗ್ಗೆ ನಮ್ಮ ವಿಮರ್ಶೆ ಗಮನಿಸಬೇಕಾದ ಇನ್ನೊಂದು ಅಂಶವಿದೆ. ಪೋಪಟ, ಆಸಾವರಿಯರು ಕನ್ನಡಿಗರಲ್ಲ. ಅವರ ನಿಜವಾದ ಮಾತು ಮರಾಠಿಯೋ ಮುಂಬಯಿಯ ಹಿಂದಿಯೋ ಆಗಿರಬೇಕು. ಆದರೂ ಓದುವಾಗ ಅದು ಅನುವಾದವೆನಿಸುವುದಿಲ್ಲ. ಸಂಘಸಂಸ್ಥೆಗಳಲ್ಲಿ ಕನ್ನಡವು 'ನಾವು ಯಾರು' ಎಂದು ಸಾರುವ ಧ್ವಜ. ಈ ಕಥೆಯಲ್ಲಿ ಅದು ಧ್ವಜವಾಗಿಲ್ಲ, ಬೇರೆಯವರ ಬಾಳಿಗೆ ನೆರಳು ಕೊಡುವ ಚಪ್ಪರವಾಗಿದೆ. ಯಾವ ಊರಿನ ಯಾವ ಕುಲದ ಎಂದು ಕೇಳದೆ ಈ ಭಾಷೆ ಒಬ್ಬ ಅನಾಮಧೇಯನನ್ನು ಒಳಗೆ ಕರೆದುಕೊಂಡಿದೆ. ಮುಂಬಯಿಯ ಬದುಕು ಕನ್ನಡ ಕಥನಕ್ಕೆ ಕೊಟ್ಟ ಬಹು ದೊಡ್ಡ ಕೊಡುಗೆಗಳಲ್ಲಿ ಇದೊಂದು.

6

ಆದರೆ ಈ ಕೊಡುಗೆಯ ಮಿತಿಯನ್ನೂ ಹೇಳದೆ ಹೋದರೆ ನಮ್ಮ ಪರಿಶೀಲನೆ ಅಪೂರ್ಣವಾಗುತ್ತದೆ. ಅಡ್ಡಹೆಸರಿಲ್ಲದವನ ಪ್ರೇಮವನ್ನು ಕನ್ನಡ ಕಥೆ ಅದ್ಭುತವಾಗಿ ಕಂಡಿತು. ಎರಡೆರಡು ಅಡ್ಡಹೆಸರುಗಳ ನಡುವೆ ಸಿಲುಕಿದವಳ ಪ್ರೇಮ ಕಾಣದೆ ಉಳಿಯಿತು. ಪೋಪಟನ ಹೆಸರಿಗಂಟಿದ ಬಂಧನಗಳಿಲ್ಲ. ಅವನು ಹೊಸ ಹೆಸರನ್ನು ಕಲ್ಪಿಸಿಕೊಳ್ಳಬಲ್ಲ. ಸಾಲ್ಯಾನ್ ಎಂದು ಹಾಜರಿ ಹೇಳಿ ಕೋಟ್ಯಾನ್ ಎಂದು ದೈವದ ಎದುರು ನಿಲ್ಲುವ ಪಾರ್ಲೆಯ ಹುಡುಗಿಗೆ ಆ ಸ್ವಾತಂತ್ರ್ಯವಿಲ್ಲ. ಅವಳ ಕಥೆ ಬರೆಯಲು ಲೇಖಕನಿಗೆ ತುಳುವಿನ ಸಂಬಂಧಸೂಕ್ಷ್ಮಗಳೂ ಮುಂಬಯಿ ಕಾಲೇಜಿನ ಮಾತಿನ ಲಯವೂ ಒಟ್ಟಿಗೆ ತಿಳಿದಿರಬೇಕು. ಊರಿನಿಂದ ಬಂದ ಪೀಳಿಗೆಗೆ ಮೊದಲನೆಯದು ತಿಳಿದಿತ್ತು. ಇಲ್ಲಿ ಹುಟ್ಟಿದ ಪೀಳಿಗೆಗೆ ಎರಡನೆಯದು ತಿಳಿದಿದೆ. ಎರಡನ್ನೂ ಬಲ್ಲ ತರುಣಿ ಬರೆಯಲು ಕುಳಿತರೆ ಅವಳ ಕೈಯಲ್ಲಿ ಬರುವ ಲಿಪಿ ಹೆಚ್ಚಾಗಿ ಕನ್ನಡವಲ್ಲ.

ಓದಿನ ಸ್ಥಿತಿಯೂ ಇದೇ ಆಗಿದೆ. 2017ರಲ್ಲಿ ತೇಜಸ್ವಿನಿ ನಿರಂಜನ ಅವರು ಕಾಯ್ಕಿಣಿಯವರ ಮುಂಬಯಿ ಕಥೆಗಳನ್ನು ಇದೇ ಕಥೆಯ ಶೀರ್ಷಿಕೆಯಲ್ಲಿ ಇಂಗ್ಲಿಷಿಗೆ ತಂದರು. ಆ ಸಂಕಲನಕ್ಕೆ 2018ರ ಸಾಲಿನ ಡಿ.ಎಸ್.ಸಿ. ದಕ್ಷಿಣ ಏಷ್ಯಾ ಸಾಹಿತ್ಯ ಬಹುಮಾನ ದೊರೆಯಿತು. ಅನುವಾದಿತ ಕೃತಿಯೊಂದಕ್ಕೆ ಆ ಬಹುಮಾನ ಸಂದುದು ಅದೇ ಮೊದಲು. ಪಾರ್ಲೆಯ ಮನೆಯೊಂದರಲ್ಲಿ ತಂದೆಯ ಕಪಾಟಿನಲ್ಲಿ ಕನ್ನಡ ಸಂಗ್ರಹವನ್ನೂ ಕಾಲೇಜಿಗೆ ಹೋಗುವ ಮಗಳ ಮೇಜಿನ ಮೇಲೆ ಇಂಗ್ಲಿಷ್ ಅನುವಾದವನ್ನೂ ನಾವು ಕಂಡದ್ದುಂಟು. ತಂದೆ ಮಗಳು ಒಂದೇ ಕಥೆಯನ್ನು ಓದಿದ್ದರು. ಆ ಬಗ್ಗೆ ತಮ್ಮೊಳಗೆ ಮಾತಾಡಿರಲಿಲ್ಲ. ತನ್ನ ನಗರದ ಕಥೆ ತನ್ನ ತಂದೆಯ ಭಾಷೆಯಲ್ಲಿ ಹುಟ್ಟಿತೆಂಬುದು ಆ ಹುಡುಗಿಗೆ ಹೆಮ್ಮೆಯ ಸಂಗತಿಯಾಗಿತ್ತು. ಆದರೆ ಮೂಲವನ್ನು ಓದಲು ಅವಳಿಗೆ ಅಕ್ಷರ ಬಾರದು. ಹೊರನಾಡಿನಲ್ಲಿ ಕನ್ನಡ ಉಳಿಯುತ್ತದೆಯೇ ಎಂದು ನಾವು ಸಭೆಗಳಲ್ಲಿ ಕೇಳುತ್ತ ಬಂದಿದ್ದೇವೆ. ಆ ಮಾತಿಗಿಂತ ಈ ಮನೆಯ ಮೌನ ಹೆಚ್ಚು ತೀಕ್ಷ್ಣವಾದುದು. ಮಕ್ಕಳು ಕನ್ನಡ ಕಲಿಯಲಿಲ್ಲವೆಂದು ಕೊರಗುವ ನಾವು, ಕಲಿತಿದ್ದರೆ ಅವರ ವಯಸ್ಸಿಗೆ ಓದಲು ಏನನ್ನು ಬರೆದಿಟ್ಟಿದ್ದೆವು ಎಂಬುದನ್ನೂ ಕೇಳಿಕೊಳ್ಳಬೇಕು. ಊರಿನ ನೆನಪು ಹಿರಿಯರ ಸಂಪತ್ತು. ಹದಿನಾರರ ವಯಸ್ಸಿಗೆ ಬೇಕಾದುದು ನೆನಪಲ್ಲ. ತನ್ನ ಇಂದಿನ ಗೊಂದಲಕ್ಕೆ ಮಾತು.

7

ಈ ದೃಷ್ಟಿಯಿಂದ ಸಂಶೋಧಕರು ಕೈಗೊಳ್ಳಬಹುದಾದ ಕೆಲಸಗಳು ಕೆಲವಿವೆ. ಮುಂಬಯಿ ಕನ್ನಡ ಸಾಹಿತ್ಯದ ಸಮೀಕ್ಷೆಗಳು ಇದುವರೆಗೆ ಹೆಚ್ಚಾಗಿ ಲೇಖಕರನ್ನು ಎಣಿಸಿವೆ. ಓದುಗರ ವಯಸ್ಸನ್ನು ಕೇಳಿಲ್ಲ. ರಾತ್ರಿಶಾಲೆಗಳ ಹಸ್ತಪತ್ರಿಕೆಗಳು, ಸಮುದಾಯ ಸಂಘಗಳ ಮಾಸಿಕಗಳ ಹಳೆಯ ಸಂಚಿಕೆಗಳು, ಕಾಲೇಜುಗಳ ವಾರ್ಷಿಕಗಳಲ್ಲಿನ ಕನ್ನಡ ಪುಟಗಳು ಇವುಗಳಲ್ಲಿ ವಿದ್ಯಾರ್ಥಿಗಳೇ ಬರೆದ ಕಥೆ ಕವಿತೆಗಳನ್ನು ಹುಡುಕಿ ಸಂಗ್ರಹಿಸಬೇಕು. ಕಾದಂಬರಿಕಾರರು ಕಾಣದೆ ಬಿಟ್ಟ ಹರೆಯ ಅಲ್ಲಿ ತಪ್ಪು ಕಾಗುಣಿತದಲ್ಲಾದರೂ ಮಾತಾಡಿರುವ ಸಾಧ್ಯತೆಯಿದೆ. ಎರಡನೆಯದಾಗಿ, ಮುಂಬಯಿಯ ತುಳು, ಕನ್ನಡ ಕುಟುಂಬಗಳಲ್ಲಿ ಹುಟ್ಟಿ ಮರಾಠಿ, ಹಿಂದಿ, ಇಂಗ್ಲಿಷುಗಳಲ್ಲಿ ಬರೆಯುತ್ತಿರುವವರ ಕೃತಿಗಳನ್ನು ಹೊರಗಿನವೆಂದು ಬದಿಗಿಡದೆ ಈ ಪರಂಪರೆಯ ಪಕ್ಕದಲ್ಲಿಟ್ಟು ಓದಬೇಕು. ಭಾಷೆಯೊಂದನ್ನೇ ಗಡಿಯಾಗಿ ಇಟ್ಟುಕೊಂಡರೆ ನಮ್ಮ ಮಕ್ಕಳೇ ಗಡಿಯಾಚೆ ಉಳಿಯುತ್ತಾರೆ.

ಕೊನೆಯದಾಗಿ ಹಾಜರಿ ಪುಸ್ತಕದ ಇನ್ನೊಂದು ಮಾತು. ಮಹಾರಾಷ್ಟ್ರ ಸರ್ಕಾರವು 2024ರಲ್ಲಿ ಕೈಗೊಂಡ ನಿರ್ಣಯದಂತೆ, ಆ ವರ್ಷದ ಮೇ 1ರಿಂದ ಹುಟ್ಟಿದ ಮಕ್ಕಳ ಅಧಿಕೃತ ದಾಖಲೆಗಳಲ್ಲಿ ಮಗುವಿನ ಹೆಸರಿನ ಅನಂತರ ತಾಯಿಯ ಹೆಸರು, ಬಳಿಕ ತಂದೆಯ ಹೆಸರು ಮತ್ತು ಅಡ್ಡಹೆಸರು ಬರಬೇಕು. ತಾಯಿಯ ಕಡೆಯಿಂದ ಗುರುತು ಪಡೆದ ಜನರಿಗೆ ಇದು ಅರ್ಧ ಮರಳಿಕೆ. ತಾಯಿಯ ಹೆಸರು ಬಂದಿತು, ತಾಯಿಯ ಬರಿ ಬರಲಿಲ್ಲ. ಈ ಕ್ರಮದಲ್ಲಿ ಹೆಸರು ಬರೆಸಿಕೊಂಡ ಮೊದಲ ಮಕ್ಕಳು ಹದಿಹರೆಯಕ್ಕೆ ಕಾಲಿಡುವುದು 2037ರ ಸುಮಾರಿಗೆ. ವಿಲೆ ಪಾರ್ಲೆಯ ಸೇತುವೆಯ ಮೇಲೆ ಅಂದು ಒಬ್ಬ ಹುಡುಗಿ ತನ್ನ ಗೆಳೆಯನಿಗೆ ತನ್ನ ಪೂರ್ಣ ಹೆಸರನ್ನು ವಿವರಿಸಬೇಕಾಗಿ ಬಂದಾಗ, ಅದಕ್ಕೆ ಬೇಕಾದ ಕಥೆ ಕನ್ನಡದಲ್ಲಿ ಇರುತ್ತದೆಯೇ? ಅದನ್ನು ಬರೆಯಲು ನಮಗೆ ಹೆಚ್ಚು ವರ್ಷಗಳು ಉಳಿದಿಲ್ಲ.